ಎಡಗಾಲಿನ ಬೂಟು

೨೬ ಜನವರಿ ೨೦೨೫, ರವಿವಾರ

ನಿನ್ನೆ ಗೆದ್ದೆವು. ಮೂರಕ್ಕೆ ಒಂದು. ಹದಿನಾಲ್ಕು ಪಂದ್ಯ ಮುಗಿದವು, ಮೂವತ್ಮೂರು ಅಂಕ. ಎರಡನೇ ಜಾಗದಲ್ಲಿರುವ ಗೋವಾದವರಿಗೆ ಇಪ್ಪತ್ತೈದು. ಇನ್ನು ಎಂಟು ಪಂದ್ಯ. ಮೊದಲು ಬಂದವರೊಬ್ಬರೇ ಮೇಲಿನ ಲೀಗಿಗೆ ಹೋಗುವುದು. ಮುಳಾಕಾಠ ಫುಟ್‌ಬಾಲ್ ಕ್ಲಬ್ ಅಂತ ಒಂದಿದೆ ಎಂದು ಪುಣೆಯ ಪತ್ರಿಕೆಗಳಿಗೆ ಈಗ ಗೊತ್ತಾಗಿದೆ.

ಮುಂಜಾನೆ ಮೈದಾನದಲ್ಲಿ ಝೆಂಡಾ ಹಾರಿಸಿದರು. ಮ್ಯಾನೇಜರ ಸುಂದರ ಶೆಟ್ಟಿ ಭಾಷಣ ಮಾಡಿದ. ಇವನ ಮನೆತನದವರದು ಊರಲ್ಲಿ ನಾಲ್ಕು ಹೋಟೆಲು. ಕ್ಲಬ್ಬನ್ನು ಐದನೇ ಹೋಟೆಲು ಅಂತ ತಿಳಿದಿದ್ದಾನೆ. ನಾವೆಲ್ಲ ಒಂದೇ ಮನೆಯವರು ಅಂದ. ನನಗೆ ತಡೆಯಲಾಗಲಿಲ್ಲ. ಸಾಲು ಬಿಟ್ಟು ಮುಂದೆ ಬಂದೆ.

“ಮನಿಯವರಿಗೆ ಯಾರರೆ ಹನ್ನೊಂದು ತಿಂಗಳ ಕಾಗದ ಕೊಡ್ತಾರೇನ್ರಿ ಶೆಟ್ಟರ?”

ಆಟಗಾರರು ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕವರಿಗೆ ಪೂರ್ತಿ ಗೊತ್ತಿಲ್ಲ. ಇಬ್ಬರು ಮಾಲಿಗಳು, ಬಸ್ಸಿನ ಡ್ರೈವರ, ಫಿಸಿಯೋ ಮಾಧುರಿ, ಕಿಟ್ ಮ್ಯಾನ್ ಆದ ನಾನು, ಹೀಗೆ ಐದು ಮಂದಿಗೆ ಹನ್ನೊಂದು ತಿಂಗಳ ಕಾಗದ. ಹನ್ನೆರಡನೇ ತಿಂಗಳು ಮನೆಗೆ. ಮತ್ತೆ ಹೊಸ ಕಾಗದ, ಹೊಸ ಆಳು. ವರ್ಷ ತುಂಬಲಿಕ್ಕೆ ಬಿಟ್ಟರೆ ನಾವು ಕಾಯಂ ಕೇಳುತ್ತೇವಲ್ಲ, ಅದಕ್ಕೆ. ಒಂಬತ್ತು ವರ್ಷದಿಂದ ನಾನು ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತಿದ್ದೇನೆ.

ಶೆಟ್ಟಿ ಸಿಟ್ಟಾಗಲಿಲ್ಲ. ಪತ್ರಿಕೆಯವರು ನಿಂತಿದ್ದರು.

“ನಿನ್ನ ಬಾಯಿ ಉಂಟಲ್ಲ ಹೊಳಬಸಪ್ಪ! ಮೇಲಿನ ಲೀಗಿಗೆ ಹೋಗುವ ಮಾರಾಯ. ಹೋದ ದಿನವೇ ಐದು ಜನರನ್ನೂ ಕಾಯಂ ಮಾಡ್ತೇನೆ. ಝೆಂಡಾದ ಕೆಳಗೆ ನಿಂತು ಹೇಳ್ತಾ ಇದ್ದೇನೆ.”

ಡ್ರೈವರ ನನ್ನ ಬೆನ್ನು ಚಪ್ಪರಿಸಿದ. ಮಾಧುರಿ ಮರಾಠಿಯಲ್ಲಿ, ಕಾಕಾ, ನೀವು ಕೇಳದಿದ್ದರೆ ನಾವು ನಾಲ್ವರು ಸಾಯುವ ತನಕ ಕೇಳುತ್ತಿರಲಿಲ್ಲ ಅಂದಳು. ಕೇಳುವವನು ಒಬ್ಬ ಇರಬೇಕು. ಹಿಂದೆ ದಲಿತ ಚಳವಳಿಯಲ್ಲಿ ಕಲಿತದ್ದು ಅದೊಂದೇ.

೩೦ ಜನವರಿ, ಗುರುವಾರ

ಅಭ್ಯಾಸ ಮುಗಿದ ಮೇಲೆ ಇಪ್ಪತ್ತೆರಡು ಜೋಡಿ ಬೂಟು ಒರೆಸುತ್ತೇನೆ. ಬೇರೆ ಕ್ಲಬ್ಬಿನಲ್ಲಿ ಆಟಗಾರರೇ ಒರೆಸಿಕೊಳ್ಳುತ್ತಾರಂತೆ. ಇಲ್ಲಿ ಸಮಗಾರ ಇದ್ದಾನಲ್ಲ. ಜರ್ಸಿ, ಚೆಂಡು ನೋಡಿಕೊಳ್ಳಲಿಕ್ಕೆ ಅಂತ ತಗೊಂಡರು. ಜಾತಿ ಕೇಳಿದ ದಿನವೇ ಬೂಟಿನ ಚೀಲ ನನ್ನ ಕಡೆ ಸರಿಸಿದರು. ಸರಿಸಿದವರಿಗೆ ಗೊತ್ತಿರಲಿಲ್ಲ, ಅದನ್ನು ಓದಬಲ್ಲವನ ಕೈಗೆ ಕೊಡುತ್ತಿದ್ದೇವೆ ಅಂತ.

ಅಪ್ಪ ಖಡಕಿಯಲ್ಲಿ ಮಿಲಿಟರಿ ಗೇಟಿನ ಎದುರು ಕೂತು ನಲವತ್ತು ವರ್ಷ ಸಿಪಾಯಿಗಳ ಬೂಟು ಹೊಲಿದ. ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಅಟ್ಟೆ ಮಗುಚಿ ನೋಡಿ, ಇವನ ಸೊಂಟ ಹಿಡಿದಿದೆ, ಇವನು ಕುಡಿಯುತ್ತಾನೆ, ಇವನ ಬಲ ಮೊಣಕಾಲು ಹೋಗಿದೆ ಅಂತ ಹೇಳುತ್ತಿದ್ದ. ಅಟ್ಟೆ ಸುಳ್ಳು ಹೇಳುವುದಿಲ್ಲ. ಆ ವಿದ್ಯೆ ನನಗೂ ಬಂತು.

ಇವತ್ತು ಅಮರನ ಎಡಗಾಲಿನ ಬೂಟು ಮಗುಚಿದೆ. ಅಟ್ಟೆಯ ಹೊರ ಅಂಚಿನ ಸ್ಟಡ್ಡು ಮೊಳೆಗಳು ಸವೆದು ಚಪ್ಪಟೆಯಾಗಿವೆ. ಒಳ ಅಂಚಿನವು ಈಗ ಅಂಗಡಿಯಿಂದ ತಂದ ಹಾಗೆ ಇವೆ. ಬಲಗಾಲಿನದು ಎರಡೂ ಕಡೆ ಸಮ. ಹುಡುಗ ಎಡಪಾದದ ಒಳಮಗ್ಗುಲನ್ನು ನೆಲಕ್ಕೆ ಊರುತ್ತಲೇ ಇಲ್ಲ.

ನೀರಿನ ಟಾಕಿಯ ಹಿಂದೆ ಕರೆದು ಪಾದದ ನಡುವೆ ಹೆಬ್ಬೆರಳು ಒತ್ತಿದೆ. ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದ ಹುಡುಗ, ಹದಿನಾಲ್ಕು ಪಂದ್ಯದಲ್ಲಿ ಹದಿಮೂರು ಗೋಲು. ಸ್ವಾರಗೇಟ ಬಸ್‌ಸ್ಟ್ಯಾಂಡಿನಲ್ಲಿ ಕಸ ಹೊಡೆಯುವ ಕಲ್ಲವ್ವನ ಮಗ. ಹಿಂದೆ ಗುತ್ತಿಗೆದಾರ ಅವರ ಪಗಾರ ತಡೆಹಿಡಿದಾಗ ಹನ್ನೆರಡು ದಿನ ಬಸ್‌ಸ್ಟ್ಯಾಂಡಿನ ಎದುರು ಕೂತಿದ್ದೆವು. ಅರ್ಜಿ ಬರೆದವನು ನಾನು. ಇವನು ತಾಯಿಯ ಮಗ್ಗುಲಲ್ಲಿ ರಬ್ಬರ್ ಚೆಂಡು ಒದೆಯುತ್ತಿದ್ದ. ಈ ಕ್ಲಬ್ಬಿಗೆ ಕರೆತಂದವನೂ ನಾನೇ.

ಎರಡು ವಾರದಿಂದ ನೋಯುತ್ತಿದೆಯಂತೆ. “ಯಾರಿಗೂ ಹೇಳಬ್ಯಾಡ್ರಿ ಕಾಕಾ. ಮ್ಯಾಲಿನ ಲೀಗಿನವರು ನನ್ನ ಆಟ ನೋಡಾಕ ಬರಾಕತ್ತಾರ” ಅಂದ.

ನಾಳೆ ಮಾಧುರಿಗೆ ಹೇಳುತ್ತೇನೆ ಅಂದೆ. ಆರು ವಾರ ಕೂತರೆ ಆಕಾಶ ಬೀಳುವುದಿಲ್ಲ. ಮನುಷ್ಯನ ಕಾಲು ಬಸ್ಸಿನ ಟೈರಲ್ಲ, ಸವೆಯುವ ತನಕ ಓಡಿಸಿ ಬಿಸಾಕಲಿಕ್ಕೆ. ಶೆಟ್ಟಿಯಂಥವರಿಗೆ ಅದು ತಿಳಿಯುವುದಿಲ್ಲ. ನಮಗೆ ತಿಳಿಯಬೇಕು.

೩೧ ಜನವರಿ, ಶುಕ್ರವಾರ

ಮಾಧುರಿ ಇವತ್ತು ಬರಲಿಲ್ಲ. ಆಕೆಯದು ವಾರಕ್ಕೆ ಎರಡು ದಿನ. ಫೋನಿನಲ್ಲಿ ಹೇಳುವ ಮಾತಲ್ಲ.

ಚಕ್ಕಳದ ತುಂಡೊಂದು ಇತ್ತು. ರಂಪಿಗೆಯ ಅಲಗು ಮಸೆದು ಹೆರೆದೆ. ಒಂದು ಅಂಚು ದಪ್ಪ, ಇನ್ನೊಂದು ಅಂಚು ಎಲೆಯಷ್ಟು ತೆಳು. ಪಾದದ ನಡುವೆ ಭಾರ ಬೀಳದ ಹಾಗೆ ಬೂಟಿನ ಒಳಹಾಸಿನ ಕೆಳಗೆ ಅಂಟಿಸಿದೆ. ಅಮರ ಹಾಕಿಕೊಂಡು ಹತ್ತು ಹೆಜ್ಜೆ ಓಡಿ ನಿಂತ. ಮುಖ ಅರಳಿತು. ಕುಂಟುವುದು ಕಾಣಲೇ ಇಲ್ಲ. ಕೋಚ್ ಅಭಿಲಾಷ ಸಾಹೇಬರು ಹತ್ತಿರದಲ್ಲೇ ನಿಂತಿದ್ದರು, ಅವರಿಗೂ ಕಾಣಲಿಲ್ಲ.

ಅಪ್ಪನಿದ್ದರೆ ಕೈ ಹಿಡಿದು ನೋಡುತ್ತಿದ್ದ. ಒಂದು ವಾರದ ಮಟ್ಟಿಗೆ ಅಷ್ಟೇ.

೮ ಫೆಬ್ರವರಿ, ಶನಿವಾರ

ಗೆದ್ದೆವು. ಎರಡಕ್ಕೆ ಸೊನ್ನೆ. ಎರಡೂ ಅಮರನವು. ಎಂಟು ಅಂಕದ ಅಂತರ ಹಾಗೇ ಇದೆ.

ಕಲ್ಲವ್ವ ಮೊದಲ ಸಲ ಮಗನ ಆಟ ನೋಡಲು ಬಂದಿದ್ದಳು. ಬಸ್‌ಸ್ಟ್ಯಾಂಡಿನ ನೀಲಿ ಸೀರೆಯಲ್ಲೇ ಬಂದಿದ್ದಳು, ಪಾಳಿ ಮುಗಿಸಿ. ಗೋಲು ಬಿದ್ದಾಗ ಎಲ್ಲರೂ ಎದ್ದು ಕುಣಿದರೆ ಇವಳು ಕೂತೇ ಇದ್ದಳು. ಆಮೇಲೆ ಯಾಕವ್ವ ಅಂತ ಕೇಳಿದೆ.

“ಮಂದಿ ಕುಣಿಯೂ ಮುಂದ ಅವರ ಕಾಲಾಗ ನೋಡಿದೆ ಅಣ್ಣಾ. ಇಷ್ಟು ಕಸ! ಶೇಂಗಾ ಸಿಪ್ಪಿ, ಬಾಟ್ಲಿ. ಯಾರು ಹೊಡೀತಾರ ಇದನ್ನ? ಆಕಿಗೆ ನನ್ನ ಮಗನ ಗೋಲು ಅಂದ್ರ ಎರಡು ತಾಸು ಹೆಚ್ಚಿನ ಕೆಲಸ.”

ನನಗೆ ನಕ್ಕು ಸಾಕಾಯಿತು. ಶೆಟ್ಟಿ ಓಡಿ ಬಂದು ಅವಳ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ಕಸಬರಿಗೆ ಹಿಡಿದ ತಾಯಿ, ಬಂಗಾರದ ಕಾಲಿನ ಮಗ ಅಂತ ನಾಳೆ ಪೇಪರಿನಲ್ಲಿ ಹಾಕಿಸುತ್ತಾನೆ. ಇವಳ ಕಸಬರಿಗೆ ಇವನಿಗೆ ಜಾಹೀರಾತು.

ಮಾಧುರಿ ಸಿಕ್ಕಿದ್ದಳು. ಗೆದ್ದ ದಿನ ಯಾಕೆ ಅಂತ ಸುಮ್ಮನಾದೆ.

೧೬ ಫೆಬ್ರವರಿ, ರವಿವಾರ

ಒಂದಕ್ಕೊಂದು. ಸಮ ಆಯಿತು. ಗೋವಾದವರು ಗೆದ್ದರು. ಅಂತರ ಆರು.

ಎಪ್ಪತ್ತನೇ ನಿಮಿಷದಿಂದ ಅಮರ ಓಡುವುದನ್ನು ಬಿಟ್ಟು ನಡೆಯುತ್ತಿದ್ದ. ಅಟ್ಟೆ ನೋಡಿದೆ. ಈಗ ಹಿಮ್ಮಡಿಯ ಕಡೆ ಭಾರ ಹಾಕುತ್ತಿದ್ದಾನೆ. ಮೊದಲ ಪಟ್ಟಿಯ ಮೇಲೆ ಎರಡನೇ ಪಟ್ಟಿ ಕೂಡಿಸಿದೆ.

೨೩ ಫೆಬ್ರವರಿ, ರವಿವಾರ

ಸೋತೆವು. ಅಂತರ ಮೂರು.



೨೪ ಫೆಬ್ರವರಿ, ಸೋಮವಾರ

ಶೆಟ್ಟರು ಆಫೀಸಿಗೆ ಕರೆಸಿದರು. ಒಂಬತ್ತು ವರ್ಷದಲ್ಲಿ ನನಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಇವತ್ತೇ. ನಮ್ಮಂಥವರಿಗೆಂದು ಹೊರಗೆ ಇಟ್ಟ ಗಾಜಿನ ಗ್ಲಾಸಿನಲ್ಲಲ್ಲ, ಬಸಿ ಸಮೇತ ಕಪ್ಪಿನಲ್ಲಿ ಚಹಾ ಕೊಟ್ಟರು. ಅವರು ಕುಡಿಯುವಂಥದೇ ಕಪ್ಪು. ಇದರ ರಾಜಕೀಯ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಕುಡಿದೆ. ಚಹಾ ಚಲೋ ಇತ್ತು.

ಆಟಗಾರರು ನಿನ್ನ ಹತ್ತಿರ ಮಾತಾಡುತ್ತಾರೆ, ಅಮರನಿಗೆ ಏನಾಗಿದೆ ಹೇಳು ಅಂದರು. ಪ್ರೀತಿ ಗೀತಿ? ಕುಡಿತ? ಬೇರೆ ಕ್ಲಬ್ಬಿನವರು ಏನಾದರೂ ಕಿವಿಯಲ್ಲಿ ಹೇಳಿದ್ದಾರಾ?

ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ಎಷ್ಟು ದಿನದಿಂದ. ಅದರ ಮುಂದಿನದು, ನಿನಗೆ ಹೇಗೆ ಗೊತ್ತು. ಹುಡುಗನನ್ನು ಕೂಡಿಸುತ್ತಾರೆ. ಅವನ ಜಾಗಕ್ಕೆ ಆಡಲು ಯಾರಿದ್ದಾರೆ? ಯಾರೂ ಇಲ್ಲ. ಐದು ಮಂದಿಯ ಕಾಯಂ ಅವನ ಒಂದು ಕಾಲಿನ ಮೇಲೆ ನಿಂತಿದೆ, ಹಾಗೆ ನಿಲ್ಲಿಸಿದವನು ನಾನಲ್ಲ.

“ಏನಿಲ್ರಿ. ಸಣ್ಣ ವಯಸ್ಸು. ಪೇಪರಿನಾಗ ಫೋಟೋ ಬಂದದ, ತಲಿ ಸ್ವಲ್ಪ ತಿರುಗ್ಯಾದ” ಅಂದೆ.

ಶೆಟ್ಟರು ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದ ಉತ್ತರವೇ ಇರಬೇಕು.

೨ ಮಾರ್ಚ್, ರವಿವಾರ

ಮತ್ತೆ ಸಮ. ಅಂತರ ಒಂದೇ ಒಂದು.

ಅಮರ ಖಾಲಿ ಗೋಲಿನ ಎದುರು ಎಡಗಾಲಿನಿಂದ ಒದೆಯಬೇಕಿತ್ತು. ಒದೆಯಲಿಲ್ಲ, ಬಲಗಾಲಿಗೆ ತಿರುಗಿಸಿಕೊಳ್ಳಲು ಹೋಗಿ ಚೆಂಡು ಕಳೆದುಕೊಂಡ. ಅಷ್ಟೇ ತಡ, ಗ್ಯಾಲರಿಯಿಂದ ಶುರುವಾಯಿತು. ಝಾಡೂವಾಲೀಚಾ ಪೋರ್, ಕಸಬರಿಗೆಯವಳ ಮಗ. ಮೊದಲು ನಾಲ್ಕು ಮಂದಿ, ಆಮೇಲೆ ನಾಲ್ಕುನೂರು ಮಂದಿ ಚಪ್ಪಾಳೆ ತಟ್ಟಿ. ಮೂರು ವಾರದ ಹಿಂದೆ ಇವನ ಹೆಸರು ಹಾಡುತ್ತಿದ್ದ ಬಾಯಿಗಳೇ. ಪೇಪರಿನ ಆ ಫೋಟೋ ನೋಡಿಯೇ ಕಲಿತದ್ದು.

ಹಿಂದೊಮ್ಮೆ ಇಂಥ ಮಾತಿಗೆ ನಾನು ಬೇಲಿ ಹಾರಿ ಹೋಗಿ ಒಬ್ಬನ ಕಾಲರು ಹಿಡಿದಿದ್ದೆ. ಇವತ್ತು ನೀರಿನ ಬಾಟಲಿ ತುಂಬಿಸುತ್ತಿದ್ದೆ. ಆಟ ನಡೆದಾಗ ಕೆಲಸ ಬಿಟ್ಟು ಹೋಗಲು ಬರುವುದಿಲ್ಲ. ಒದೆಯುವ ಕಾಲಿನಿಂದ ಒದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅಮರ ನನ್ನ ಕಡೆ ಒಮ್ಮೆ ನೋಡಿದ.

೭ ಮಾರ್ಚ್, ಶುಕ್ರವಾರ

ಬರೆಯುವುದು ಭಾಳ ಇದೆ.

ಸಂಜೆ ಅಮರ ಕಿಟ್ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ. ಇನ್ನು ಆಗುವುದಿಲ್ಲ ಅಂದ. ರಾತ್ರಿ ಹೊದಿಕೆ ತಾಗಿದರೂ ಪಾದ ಉರಿಯುತ್ತದಂತೆ. ನಾಳೆ ಮಾಧುರಿ ಬರುತ್ತಾಳೆ, ನಾನೇ ಹೇಳುತ್ತೇನೆ, ನಿಮ್ಮ ಹೆಸರು ತೆಗೆಯುವುದಿಲ್ಲ ಅಂದ.

ಕೂಡಿಸಿದೆ. ನೀರು ಕೊಟ್ಟೆ. ಇನ್ನು ನಾಲ್ಕು ಪಂದ್ಯ ಅಂತ ಬಿಡಿಸಿ ಹೇಳಿದೆ. ನಾಲ್ಕು ಪಂದ್ಯ ಅಂದರೆ ಆರು ತಾಸು. ಆರು ತಾಸು ನೋವು ತಡೆದರೆ ಐದು ಮನೆಯವರ ಬದುಕು ದಡ ಸೇರುತ್ತದೆ. ಹುಡುಗ ಪಾದ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ. ನನಗೆ ಎಲ್ಲಿಂದಲೋ ಹಳೆಯ ದನಿ ಬಂತು. ಹದಿನೈದು ವರ್ಷದಿಂದ ಹಾಗೆ ಮಾತಾಡಿರಲಿಲ್ಲ.

“ನಿಮ್ಮವ್ವ ಹನ್ನೆರಡು ದಿನ ಬಿಸಲಾಗ ಕೂತಳಲ್ಲೋ ತಮ್ಮಾ. ಆಕಿಗೆ ನೋವು ಆಗಿರಲಿಲ್ಲೇನು? ಜ್ವರ ಬಂದಿತ್ತು, ಎದ್ದಳೇನು? ಹೋರಾಟದಾಗ ಒಬ್ಬ ಎದ್ದು ಹೋದ ಅಂದ್ರ ಅವ ತನ್ನ ಕಾಲು ಉಳಿಸಿಕೊಂಡಿಲ್ಲ, ಎಲ್ಲಾರ ಕಾಲು ಕಡದಾನ.”

ಅವನು ತಲೆ ಎತ್ತಿದ. “ಇದು ಹೋರಾಟ ಏನ್ರಿ ಕಾಕಾ?” ಅಂತ ಕೇಳಿದ.

ನಿನ್ನ ಪಾಲಿಗೆ ಆಟ, ನಮ್ಮ ಪಾಲಿಗೆ ಹೋರಾಟ ಅಂದೆ. ನಿನ್ನನ್ನು ಇಲ್ಲಿಗೆ ತಂದವನು ಯಾರು ಅಂತಲೂ ಅಂದೆ. ಅದು ಅನ್ನಬಾರದಿತ್ತೋ ಏನೋ. ಆದರೆ ಸುಳ್ಳಂತೂ ಅಲ್ಲ.

ಬೂಟು ನನ್ನ ಕೈಗೆ ಕೊಟ್ಟ. ಮೂರನೇ ಪಟ್ಟಿ ಕೂಡಿಸಿದೆ. ನಾಳೆ ಮಾಧುರಿ ಕೇಳಿದರೆ ಏನಂತಿ ಅಂದೆ. ಎಲ್ಲ ಬರೋಬರ ಅದ ಅಂತೀನಿ ಅಂದ.

ಚಳವಳಿಯಲ್ಲಿ ಮನುಷ್ಯರನ್ನು ಗಟ್ಟಿ ಮಾಡುವುದು ಕಲಿಸುತ್ತಾರೆ. ಕಲಿತ ವಿದ್ಯೆ ಕೆಡಲಿಲ್ಲ ಅಂತ ಸಮಾಧಾನ ಆಯಿತು.

೯ ಮಾರ್ಚ್, ರವಿವಾರ

ಗೆದ್ದೆವು! ಒಂದು ಸೊನ್ನೆ. ಅಮರ ತಲೆಯಿಂದ ಹೊಡೆದ. ಗೋವಾದವರದು ಸಮ. ಅಂತರ ಮತ್ತೆ ಮೂರು.

ಡ್ರೈವರ ಬಸ್ಸಿನ ಹಾರನ್ನು ಒತ್ತಿಕೊಂಡೇ ಖಡಕಿಯ ತನಕ ಬಂದ. ಮಾಲಿಗಳಿಬ್ಬರೂ ನನ್ನನ್ನು ಎತ್ತಿಕೊಂಡು ಕುಣಿದರು. ಮನೆಗೆ ಬಂದು ಮಗಳು ದೀಪಾಲಿಗೆ, ಮೇ ತಿಂಗಳಲ್ಲಿ ನಿಮ್ಮಪ್ಪ ಮನೆಯಲ್ಲಿ ಕೂರುವುದಿಲ್ಲ ಅಂದೆ. ಆಕೆ ಕಾನೂನು ಓದುತ್ತಾಳೆ. ಬರವಣಿಗೆಯಲ್ಲಿ ಕೊಟ್ಟಿದ್ದಾರಾ ಅಂತ ಕೇಳಿದಳು. ಎಲ್ಲದಕ್ಕೂ ಅನುಮಾನ ಈಗಿನ ಹುಡುಗರಿಗೆ.

ಅಮರ ಗೋಲು ಹೊಡೆದ ಮೇಲೆ ಓಡಲಿಲ್ಲ, ಅಲ್ಲೇ ಕೂತ. ಜನ ಅದನ್ನು ನಮಸ್ಕಾರ ಅಂತ ತಿಳಿದರು. ನೋಡು, ಸಾಧ್ಯ ಆಯಿತಲ್ಲ. ನೋವು ಅನ್ನುವುದರಲ್ಲಿ ಅರ್ಧ ಹೆದರಿಕೆಯೇ ಇರುತ್ತದೆ.

೧೬ ಮಾರ್ಚ್, ರವಿವಾರ

ಮೂವತ್ತೆಂಟನೇ ನಿಮಿಷ. ಯಾರೂ ಮುಟ್ಟಿರಲಿಲ್ಲ. ಹತ್ತು ಅಡಿ ಸುತ್ತ ಒಬ್ಬರೂ ಇರಲಿಲ್ಲ. ತಿರುಗಲು ಎಡಗಾಲು ಊರಿದ. ಗೆರೆಯಾಚೆ ಚೆಂಡಿನ ಚೀಲ ಹಿಡಿದು ನಿಂತಿದ್ದ ನನಗೆ ಸಪ್ಪಳ ಕೇಳಿಸಿತು. ಒಣ ಸೌದೆಯ ಸಪ್ಪಳ.

ಗ್ಯಾಲರಿಯವರು ನಾಟಕ ಅಂತ ಕೂಗಿದರು. ಆಮೇಲೆ ಅವನು ಕಿರುಚಿದ.

ಮಾಧುರಿ ಓಡಿಹೋಗಿ ಲೇಸು ಕತ್ತರಿಸಿ ಬೂಟು ತೆಗೆದಳು. ಒಳಹಾಸು ಕಿತ್ತು ಬಂತು. ಅದರೊಟ್ಟಿಗೆ ಪಟ್ಟಿಗಳೂ ಬಂದವು, ಮೂರೂ, ಒಂದಕ್ಕೊಂದು ಅಂಟಿಕೊಂಡು. ಅಂಗೈಯಲ್ಲಿ ಹಿಡಿದು ನೋಡಿದಳು. ನನ್ನ ಕಡೆ ನೋಡಿದಳು. ಕೋಚ್ ಸಾಹೇಬರು, ಶೆಟ್ಟರು ಎಲ್ಲ ಸುತ್ತ ನಿಂತಿದ್ದರು. ಹೇ ಕಾಯ್ ಆಹೇ, ಇದೇನಿದು ಅಂತ ಕೇಳಿದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಸ್ಟ್ರೆಚರಿನ ಮೇಲಿಂದ ಅಮರ ಮರಾಠಿಯಲ್ಲಿ ಹೇಳಿದ: “ನಾನೇ ಇಟ್ಟುಕೊಂಡದ್ದು. ಯಾರಿಗೂ ಹೇಳಿರಲಿಲ್ಲ.”

ಬಾಯಿ ತೆರೆಯುವುದರೊಳಗೆ ಅಂತ ಬರೆದಿದ್ದೇನೆ. ತೆರೆಯುತ್ತಿದ್ದೆನೋ ಇಲ್ಲವೋ ಈಗ ಹೇಗೆ ಹೇಳುವುದು.

ಸೋತೆವು. ಗೋವಾದವರು ಗೆದ್ದು ಸಮಕ್ಕೆ ಬಂದರು.

೨೦ ಮಾರ್ಚ್, ಗುರುವಾರ

ದವಾಖಾನೆಗೆ ಹೋಗಿದ್ದೆ. ಪಾದದ ನಡುವಿನ ಎಲುಬು ಎರಡು ತುಂಡು. ಕೂದಲೆಳೆಯ ಬಿರುಕು ಮೊದಲೇ ಇತ್ತು, ಎರಡು ತಿಂಗಳ ಹಿಂದಿನದು, ಆಗ ಬಂದಿದ್ದರೆ ಕಟ್ಟು ಹಾಕಿ ಕೂಡಿಸುತ್ತಿದ್ದೆವು ಅಂದರು ಡಾಕ್ಟರು. ಆಪರೇಶನ್ ಮಾಡಿದ್ದಾರೆ. ನಡೆಯುತ್ತಾನೆ. ಆಡುವ ಮಾತು ಮರೆಯಿರಿ ಅಂದರು.

ಅಮರ ಮಲಗಿದ್ದ. ಬಾಳೆಹಣ್ಣು ಇಟ್ಟು ಬಂದೆ.

೨೩ ಮಾರ್ಚ್, ರವಿವಾರ

ನಾಲ್ಕು ಸೊನ್ನೆ. ಸೋಲು. ಈಗ ಗೋವಾದವರು ಮೂರು ಅಂಕ ಮುಂದೆ.

೩೦ ಮಾರ್ಚ್, ರವಿವಾರ. ಯುಗಾದಿ

ಕಡೆಯ ಪಂದ್ಯ. ಸಮ. ಗೋವಾದವರು ಮೇಲೆ ಹೋದರು. ಕಡೆಯ ಎಂಟರಲ್ಲಿ ನಾವು ಗೆದ್ದದ್ದು ಎರಡು.

ಗ್ಯಾಲರಿಯಲ್ಲಿ ನೂರು ಮಂದಿ ಇದ್ದರೆ ಹೆಚ್ಚು. ಹುಡುಗರು ಬೂಟು ಕಳಚಿ ಅಲ್ಲಲ್ಲೇ ಎಸೆದು ಹೋದರು. ಹೆಕ್ಕಿ ತಂದು ಒರೆಸಿದೆ. ಇಪ್ಪತ್ತೊಂದು ಜೋಡಿ.

ಡ್ರೈವರ ಬಂದು, ನಮ್ಮದೇನಾಯಿತು ಹೊಳಬಸಪ್ಪಾ ಅಂತ ಕೇಳಿದ. ಇವರಿಗೆಲ್ಲ ನಾನೇ ಉತ್ತರ ಕೊಡಬೇಕು. ಆ ಹುಡುಗ ಮೊದಲೇ ಬಾಯಿ ಬಿಟ್ಟು ಹೇಳಿದ್ದರೆ ಬೇರೆ ಯಾರನ್ನಾದರೂ ತಯಾರು ಮಾಡಬಹುದಿತ್ತು ಅಂದೆ. ಡ್ರೈವರನೂ ಹೌದು ಅಂದ. ಮಾಲಿಗಳೂ ಹೌದು ಅಂದರು. ಮಾಧುರಿ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು, ಆ ಚಕ್ಕಳ ಹೆರೆದ ಕೈ ಯಾರದು ಅಂತ ನನಗೆ ಗೊತ್ತು ಕಾಕಾ, ನೀವೇ ಹೇಳಲಿ ಅಂತ ಕಾಯುತ್ತಿದ್ದೇನೆ ಅಂದಳು.

ಓದಿದವರ ಸೊಕ್ಕು.

೩ ಏಪ್ರಿಲ್, ಗುರುವಾರ

ಶೆಟ್ಟಿ ಸಾಹೇಬರು ಕರೆಸಿದ್ದರು. ಮೇಜಿನ ಮೇಲೆ ಎರಡು ಕಾಗದ.

ವಿಷಯ ಸೀದಾ ಹೇಳಿದರು. ಪೆಟ್ಟು ಆಟದಲ್ಲಿ ಆದದ್ದು ಅಂದರೆ ಕ್ಲಬ್ಬು ಅಮರನ ಔಷಧೋಪಚಾರ ನೋಡಬೇಕು, ಉಳಿದ ಎರಡು ವರ್ಷದ ಕರಾರೂ ಪೂರೈಸಬೇಕು. ಆಟಗಾರ ಮೊದಲೇ ಇದ್ದ ಪೆಟ್ಟು ಮುಚ್ಚಿಟ್ಟ ಅಂತಾದರೆ ಕರಾರು ಅಲ್ಲಿಗೇ ರದ್ದು. ಮುಚ್ಚಿಟ್ಟೆ ಅಂತ ಅವನೇ ಎಲ್ಲರ ಎದುರು ಹೇಳಿದ್ದಾನೆ. ಆದರೆ ಬಾಯಿಮಾತು. ಬೂಟು ಸಂಭಾಳಿಸುವವನದು ಒಂದು ಹೇಳಿಕೆ ಬೇಕು, ತನಗೂ ಗೊತ್ತಿರಲಿಲ್ಲ ಅಂತ.

ಮೊದಲ ಕಾಗದ ಅದು. ಎರಡನೆಯದು ನನ್ನ ಕಾಯಂ ಹುಕುಂ.

ಉಳಿದ ನಾಲ್ವರು ಅಂತ ಕೇಳಿದೆ. ಕೇಳಿದ್ದೇನೆ, ಇಲ್ಲಿ ಬರೆದಿಡುತ್ತೇನೆ.

“ಮೇಲೆ ಹೋಗ್ಲಿಲ್ಲವಲ್ಲ ಹೊಳಬಸಪ್ಪ. ಒಬ್ಬರದು ಮಾಡುವುದೇ ಕಷ್ಟ ಉಂಟು. ನೀನು ಬೇಡ ಅಂದ್ರೆ ಈ ವರ್ಷದಿಂದ ಬೂಟು ಅವರವರೇ ಒರೆಸಿಕೊಳ್ಳಲಿ ಅಂತ ಮಾಡುವ.”

ಹೇಳಿಕೆ ಎರಡು ಸಲ ಓದಿದೆ. ಓದದೆ ಸಹಿ ಹಾಕುವವನಲ್ಲ ನಾನು. ಮರಾಠಿಯಲ್ಲಿ ಒಂದು ಕಡೆ ತಪ್ಪಾಗಿತ್ತು, ತಿದ್ದಿಸಿದೆ. ಅದರಲ್ಲಿರುವುದು ಅಮರ ತನ್ನ ಬಾಯಿಂದ ಹೇಳಿದ್ದೇ. ನಾನು ಕೂಡಿಸಿದ್ದು ಏನೂ ಇಲ್ಲ. ಅವನ ಮಾತನ್ನು ಸುಳ್ಳು ಮಾಡಲು ನಾನು ಯಾರು?

ಸಹಿ ಹಾಕಿದೆ. ಎರಡಕ್ಕೂ.

ಒಳಗೆ ಒಬ್ಬ ಕಾಯಂ ಆಗಿ ಕೂತರೆ ನಾಳೆ ನಾಲ್ವರ ಪರವಾಗಿ ಮಾತಾಡಲು ದನಿ ಇರುತ್ತದೆ. ಹೊರಗೆ ನಿಂತು ಕೂಗಿ ಒಂಬತ್ತು ವರ್ಷದಲ್ಲಿ ಏನು ಸಿಕ್ಕಿತು? ದೀಪಾಲಿಗೆ ಹುಕುಂ ತೋರಿಸಿದೆ. ಯಾವುದಕ್ಕೆ ಬದಲಾಗಿ ಅಂತ ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ತಂದ ಪೇಢೆ ಡಬ್ಬಿ ಹಾಗೇ ಇದೆ.

೧೪ ಏಪ್ರಿಲ್, ಸೋಮವಾರ

ಬಾಬಾಸಾಹೇಬರ ಜಯಂತಿ. ಪ್ರತಿ ವರ್ಷದ ಹಾಗೆ ಪುತ್ಥಳಿಗೆ ಹಾರ ಹಾಕಿ ಬಂದೆ. ಕ್ಲಬ್ಬಿನವರು ಕಾಯಂ ನೌಕರರಿಗೆ ಕೊಡುವ ಕೋಟು ಹಾಕಿಕೊಂಡಿದ್ದೆ. ಹಳೆಯ ಗೆಳೆಯರು ಹೊಳಬಸಪ್ಪ ಸಾಹೇಬ ಅಂತ ಚೇಷ್ಟೆ ಮಾಡಿದರು. ಬಿಸಿಲು ಭಾಳ.

ಮೆರವಣಿಗೆಯ ಗದ್ದಲದಲ್ಲಿ ಯಾರೋ ಕಾಲು ಹಿಡಿದರು. ಬಗ್ಗಿ ನೋಡಿದರೆ ಕಲ್ಲವ್ವ. ಏಳವ್ವ, ಇದೆಲ್ಲ ಮಾಡಬಾರದು ನಾವು ಅಂತ ಎಬ್ಬಿಸಿದೆ. ಹಿಂದೆ ಅಮರ ಊರುಗೋಲು ಊರಿಕೊಂಡು ನಿಂತಿದ್ದ. ತೆಳ್ಳಗಾಗಿದ್ದಾನೆ. ಕ್ಲಬ್ಬಿನಿಂದ ಕರಾರು ರದ್ದಾದ ನೋಟೀಸು ಬಂದಿದೆಯಂತೆ. ದವಾಖಾನೆಯವರು ಇನ್ನೊಂದು ಆಪರೇಶನ್ ಆಗಬೇಕು ಅಂದಿದ್ದಾರಂತೆ. ನೋಟೀಸು ಹಿಡಿದು ಎಲ್ಲಿ ಹೋದರೂ ಗೇಟಿನಲ್ಲೇ ತಡೆಯುತ್ತಾರಂತೆ.

“ಆವಾಗ ಹನ್ನೆರಡು ದಿನ ನಮ್ಮ ಸಂಗಾಟ ಕೂತು ಅರ್ಜಿ ಬರದು ಗೆಲ್ಲಿಸಿದ್ರಿ. ಈಗೂ ನೀವ ಬರೀಬೇಕಣ್ಣಾ. ಕಾಲು ಮುರೀತು ಅಂದ ಮ್ಯಾಲ ಯಾರದರೆ ತಪ್ಪು ಇರಬೇಕಲ್ಲ. ಅವರ ಹೆಸರು ಹಾಕಿ ಬರೀರಿ.”

ಇಲ್ಲ ಅನ್ನಲು ಆಗುತ್ತದೆಯೇ. ಇವತ್ತಿನ ದಿನ ಬೇರೆ. ಮುಚ್ಚಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಎಡಕ್ಕೆ ಕಲ್ಲವ್ವ, ಬಲಕ್ಕೆ ಅಮರ. ಕಾಗದ ತರಿಸಿ ಶುರು ಮಾಡಿದೆ. ಕಾರ್ಮಿಕ ಅಧಿಕಾರಿಗಳಿಗೆ, ಮರಾಠಿಯಲ್ಲಿ. ಮೊದಲ ವಾಕ್ಯ ಬೀಳುವ ತನಕ ತಡ. ಆಮೇಲೆ ನಿಲ್ಲಲಿಲ್ಲ. ಕಸ ಹೊಡೆಯುವ ತಾಯಿ, ಬಡವರ ಮನೆಯ ಕೂಸು, ಕಾಲನ್ನೇ ಬಂಡವಾಳ ಮಾಡಿಕೊಂಡವನು. ಬರೆಯುತ್ತ ನನ್ನ ಕಣ್ಣೇ ಒದ್ದೆಯಾಯಿತು. ಬರೆದದ್ದನ್ನು ಕಲ್ಲವ್ವನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ತಪ್ಪಿತಸ್ಥರು ಅನ್ನುವ ಜಾಗ ಬಂತು. ಒಂದು ಗಳಿಗೆ ಪೆನ್ನು ಎತ್ತಿ ಹಿಡಿದೆ. ಆಟಗಾರರ ದೇಹ ನೋಡಿಕೊಳ್ಳುವುದು ಯಾರ ಕೆಲಸ? ಯಾರು ಅದಕ್ಕಾಗಿಯೇ ಓದಿ ಬಂದವರು? ಪ್ರತಿ ಪಂದ್ಯದ ಹಿಂದಿನ ದಿನ ಆ ಕಾಲು ಮುಟ್ಟಿ ನೋಡಿ ಆಡಬಹುದು ಅಂತ ಬರೆದುಕೊಟ್ಟವರು ಯಾರು? ಮಾಧುರಿಯ ಹೆಸರು ಬರೆದೆ. ಬೇಜವಾಬ್ದಾರಿ ಅಂತ ಬರೆದೆ. ಬಡ ಆಟಗಾರನ ಕಾಲನ್ನು ಬಸ್ಸಿನ ಟೈರಿನಂತೆ ಕಂಡವಳು ಅಂತ ಬರೆದೆ.

ಅಮರ ಬಗ್ಗಿ ನೋಡುತ್ತಿದ್ದ. ಮರಾಠಿ ಶಾಲೆಯಲ್ಲಿ ಹತ್ತನೇ ಇಯತ್ತೆ ಪಾಸಾದವನು, ಓದಲು ಬರುತ್ತದೆ. ಆ ಸಾಲಿನ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತ್ತು. ಕಲ್ಲವ್ವ ಹೆಬ್ಬೆಟ್ಟು ಒತ್ತಿದಳು. ಕಬ್ಬಿನ ಹಾಲು ತರುತ್ತೇನೆ ಅಂತ ಎದ್ದು ಹೋದಳು.

ಆಗ ಕೇಳಿದ.

“ಕಾಕಾ, ನೀವು ಕಾಯಂ ಆದ್ರಂತ?”

“ಹೂಂ. ಆದೆ.”

“ಚಲೋ ಆತ್ರಿ” ಅಂದ. ಊರುಗೋಲು ಮಗ್ಗುಲಿಗೆ ಇಟ್ಟು, “ನೋಟೀಸಿನ ಹಿಂದ ನೀವು ಕೊಟ್ಟ ಹೇಳಿಕಿ ಹಚ್ಚಿ ಕಳಸಿದ್ರು. ಅವ್ವಗ ಓದಿ ಹೇಳಿಲ್ಲ. ಆಕಿಗೆ ನಿಮ್ಮೊಬ್ಬರದ ಧೈರ್ಯ ಅದ” ಅಂದ.

ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿವಳಿಕೆಯ ಹುಡುಗ. ಬುದ್ಧಿ ಇದೆ, ಮುಂದೆ ಏನಾದರೂ ಮಾಡಿಕೊಳ್ಳುತ್ತಾನೆ. ಕಲ್ಲವ್ವ ಮೂರು ಗ್ಲಾಸು ಕಬ್ಬಿನ ಹಾಲು ತಂದಳು. ನನ್ನದರಲ್ಲಿ ಮಾತ್ರ ಬರ್ಫ ಹಾಕಿಸಿದ್ದಳು. ತಂಪಾಗಿತ್ತು, ಕುಡಿದೆ.

ಬಹಳ ದಿನದ ಮೇಲೆ ಕೈ ಇಷ್ಟು ಸಲೀಸಾಗಿ ಓಡಿತು. ಅರ್ಜಿಯ ಒಂದು ಪ್ರತಿ ತೆಗೆದಿಟ್ಟುಕೊಂಡಿದ್ದೇನೆ. ಮುಂಜಾನೆ ಮೊದಲು ಅದನ್ನು ಶೆಟ್ಟಿ ಸಾಹೇಬರಿಗೆ ಕೊಡಬೇಕು. ಮಾಧುರಿಯ ಹನ್ನೊಂದು ತಿಂಗಳು ಈ ತಿಂಗಳಿಗೆ ಮುಗಿಯುತ್ತದೆ. ಹೊಸ ಕಾಗದ ಕೊಡುವ ಮೊದಲೇ ಆಕೆಯ ಮೇಲೆ ದೂರು ಇದೆ ಅಂತ ನಮ್ಮ ಕ್ಲಬ್ಬಿಗೆ ಗೊತ್ತಿರುವುದು ಒಳ್ಳೆಯದು.